ನಮ್ಮ ಮಾವ ಸ್ನೂಕರ್ ಯಾಕೆ ಆಡುತ್ತಿರಲಿಲ್ಲ

ನಮ್ಮ ಮಾವ ಚನ್ನಬಸಪ್ಪನವರನ್ನು ನಾನು ಬಿಳಿ ಅಂಗಿ ಬಿಟ್ಟು ಬೇರೆ ಅಂಗಿಯಲ್ಲಿ ನೋಡಿದ್ದೇ ಇಲ್ಲ. ಮದುವೆಗೆ ಹೋಗಲಿ, ಮಣ್ಣಿಗೆ ಹೋಗಲಿ, ಬಿಳಿ ಅಂಗಿ, ಬಿಳಿ ಪ್ಯಾಂಟು. ಆ ಅಂಗಿಯ ಕಿಸೆಯ ಮೇಲೆ ಮಾತ್ರ ಯಾವಾಗಲೂ ಒಂದು ನೀಲಿ ಕಲೆ. ಬಿಲಿಯರ್ಡ್ಸ್ ಕೋಲಿನ ತುದಿಗೆ ಉಜ್ಜುವ ನೀಲಿ ಚಾಕಿನ ತುಂಡನ್ನು ಆಟ ಮುಗಿದ ಮೇಲೆ ಮೇಜಿನ ಅಂಚಿಗೆ ಇಡುವ ಬದಲು ಕಿಸೆಗೆ ಹಾಕಿಕೊಂಡು ಮನೆಗೆ ಬಂದುಬಿಡುತ್ತಿದ್ದರು. ಅತ್ತೆ ನೀಲವ್ವ ಬಟ್ಟೆ ನೆನೆಹಾಕುವಾಗ ಅದನ್ನು ತೆಗೆದು ಅಡುಗೆಮನೆಯ ಕಿಟಕಿಯಲ್ಲಿ ಇಡುವರು. ನಾನು ಸೊಸೆಯಾಗಿ ಆ ಮನೆಗೆ ಬಂದಾಗ ಕಿಟಕಿಯಲ್ಲಿ ಅಂಥ ತುಂಡುಗಳ ಸಾಲೇ ಇತ್ತು. ರಂಗೋಲಿಗೆಂದು ಇಟ್ಟಿರಬೇಕು ಎಂದುಕೊಂಡು ನಾನು ಒಂದನ್ನು ಪುಡಿಮಾಡಿ ಹೊಸ್ತಿಲ ಮುಂದೆ ಹೂ ಬಿಡಿಸಿದೆ. ಮಾವ ಹೊರಗೆ ಬಂದವರು ಬಗ್ಗಿ ನೋಡಿದರು.

"ವಿಜಯವ್ವ, ರಂಗೋಲಿ ಭಾಳ ಚಂದ ಆಗೇತಿ. ಆದರ ಇದರಾಗ ನನ್ನವು ಒಂದು ನೂರು ಪಾಯಿಂಟ್ ಹೋದವು ನೋಡು" ಎಂದರು.

ಅವರೊಡನೆ ನನಗೆ ಸಲಿಗೆ ಬೆಳೆದದ್ದು ಆ ಬೆಳಗ್ಗೆಯಿಂದ.

ಮಾವ ಕುಷ್ಟಗಿ ಕಡೆಯವರು. ಆ ಸೀಮೆ ನಿಜಾಮರ ಆಳ್ವಿಕೆಯಲ್ಲಿದ್ದಾಗ ಉರ್ದು ಶಾಲೆಯಲ್ಲಿ ಅಕ್ಷರ ಕಲಿತರು. ಊರು ಕರ್ನಾಟಕಕ್ಕೆ ಸೇರಿತು, ಅವರು ನೌಕರಿ ಹಿಡಿದು ಹೈದರಾಬಾದಿನಲ್ಲಿ ಉಳಿದರು. ಆಂಧ್ರ ಸರ್ಕಾರದ ನೀರಾವರಿ ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದರು. ಆಟೋದವನ ಹತ್ತಿರ ಉರ್ದು, ಕಾಯಿಪಲ್ಯದವಳ ಹತ್ತಿರ ತೆಲುಗು, ಚಪ್ಪಲಿ ಬಿಟ್ಟು ಒಳಗೆ ಬಂದರೆ ಕುಷ್ಟಗಿಯ ಕನ್ನಡ. ಸಿಕಂದರಾಬಾದಿನಲ್ಲಿ ನೌಕರರ ಒಂದು ಹಳೆಯ ಕ್ಲಬ್ಬಿತ್ತು. ಅಲ್ಲಿ ಎರಡು ದೊಡ್ಡ ಮೇಜು. ಮಾವ ಅಲ್ಲಿ ಆಡುತ್ತಿದ್ದದ್ದು ಬಿಲಿಯರ್ಡ್ಸ್ ಒಂದೇ. ಅದೇ ಮೇಜಿನ ಮೇಲೆ ಎಲ್ಲರೂ ಸ್ನೂಕರ್‌ಗೆ ಹೊರಳಿದ ಮೇಲೂ ಅವರು ಹೊರಳಲಿಲ್ಲ. ಯಾಕೆ ಎಂದು ಕೇಳಿದರೆ ಒಂದು ಭಾಷಣವೇ ಸಿದ್ಧವಿತ್ತು.

"ಬಿಲಿಯರ್ಡ್ಸ್‌ನಾಗ ಇರೂದ ಮೂರು ಚೆಂಡು. ನಿಂದೊಂದು, ಎದುರಿನವಂದೊಂದು, ನಡುವ ಒಂದು ಕೆಂಪು. ಗಂಡ, ಹೆಂಡತಿ, ಒಂದು ಕೂಸು ಇದ್ದಂಗ. ಯಾರನ್ನೂ ಮನಿ ಬಿಟ್ಟು ಓಡಸೂದಿಲ್ಲ. ತೂತಿಗೆ ಬಿದ್ದದ್ದು ತಿರುಗಿ ಮ್ಯಾಲ ಬರ್ತೈತಿ. ಇದು ತಮೀಜಿನ, ಮರ್ಯಾದಿ ಆಟ. ಸ್ನೂಕರ್ ಅಂದ್ರ ಸಂತಿ. ಮೇಜಿನ ತುಂಬ ಚೆಂಡು. ಯಾವುದು ಯಾರದು, ಯಾವುದಕ್ಕ ಯಾವ ಬೆಲಿ, ಒಂದೂ ತಿಳಿಯಂಗಿಲ್ಲ."

"ಮತ್ತ ಪೂಲ್, ಮಾವಾರ?" ಎಂದು ನನ್ನ ಗಂಡ ಕಲಿಸಿಕೊಟ್ಟಂತೆ ನಾನೊಮ್ಮೆ ಕೇಳಿದ್ದೆ.

"ಅದರ ಹೆಸರು ಈ ಮನಿಯಾಗ ಬ್ಯಾಡ. ಸಣ್ಣ ಮೇಜು, ದೊಡ್ಡ ತೂತು. ಕಣ್ಣು ಮುಚ್ಚಿ ಹೊಡದರೂ ಬೀಳತೈತಿ."

ಅವರ ಇತರ ಅಭ್ಯಾಸಗಳು ನನಗೆ ಆಗ ಬರೀ ತಮಾಷೆಯಾಗಿ ಕಂಡಿದ್ದವು. ಟೊಮೆಟೊ ಕೊಳ್ಳುವಾಗ ಒಂದೊಂದನ್ನೂ ಹೆಬ್ಬೆರಳಿನಿಂದ ಒತ್ತಿ, ಮೂಸಿ, ಕೊನೆಗೆ ನನ್ನ ಮುಂದೆ ಹಿಡಿದು "ಇದು ಹಣ್ಣಾಗೇತೇನವ್ವ?" ಎನ್ನುವರು. ಸ್ಕೂಟರಿನಲ್ಲಿ ಹಿಂದೆ ಕುಳಿತಾಗ ಸಿಗ್ನಲ್ ಬಂದರೆ ನನ್ನ ಗಂಡನಿಗೆ "ಮ್ಯಾಲಿನ ದೀಪ ಹತ್ತೇತಿ, ನಿಂದರು" ಎನ್ನುವರು. ಕೆಂಪು ದೀಪ ಎಂದು ಅವರ ಬಾಯಲ್ಲಿ ಬಂದದ್ದಿಲ್ಲ. ವಯಸ್ಸಾದವರ ಮಾತಿನ ರೀತಿ ಎಂದುಕೊಂಡಿದ್ದೆ.

ನಿವೃತ್ತರಾದ ಮೇಲೆ ನಾವೆಲ್ಲ ಕಾಚಿಗುಡದ ಬಾಡಿಗೆ ಮನೆ ಬಿಟ್ಟು ಕೂಕಟ್‌ಪಲ್ಲಿಯ ಫ್ಲಾಟಿಗೆ ಬಂದೆವು. ಕ್ಲಬ್ಬು ದೂರವಾಯಿತು. ಬಸ್ಸಿನಲ್ಲಿ ಅಷ್ಟು ದೂರ ನಿಂತು ಹೋಗಲು ಮೊಣಕಾಲು ಒಪ್ಪುತ್ತಿರಲಿಲ್ಲ. ಇನ್ನೊಂದು ಕಾರಣವೂ ಇತ್ತು. ಅದು ನನಗೆ ಆಮೇಲೆ ತಿಳಿಯಿತು. ಮಾವ ಬಾಲ್ಕನಿಯಲ್ಲಿ ಕುಳಿತು ಎದುರಿನ ಕಟ್ಟಡಕ್ಕೆ ಸಿಮೆಂಟು ಬಳಿಯುವುದನ್ನು ನೋಡುತ್ತ ದಿನ ಕಳೆಯತೊಡಗಿದರು. ಊಟ ಕಡಿಮೆಯಾಯಿತು. ಪೇಪರನ್ನು ಬಿಚ್ಚದೆ ಮಡಚಿಡುವರು. ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು, "ಇವರು ಹಿಂಗ ಕುಂತ್ರ ನೆಟ್ಟಗ ಇರಂಗಿಲ್ಲ. ಏನರ ಮಾಡವ್ವ" ಎಂದರು.

ಅದೇ ಹೊತ್ತಿಗೆ ನಮ್ಮ ಬೀದಿಯ ತುದಿಯಲ್ಲಿ, ಜೆರಾಕ್ಸ್ ಅಂಗಡಿಯ ಮೇಲೆ, ಪೂಲ್ ಪಾರ್ಲರ್ ಒಂದು ತೆರೆಯಿತು. ಆಗ ಹೈದರಾಬಾದಿನಲ್ಲಿ ಎಲ್ಲಿ ನೋಡಿದರಲ್ಲಿ ಇಂಥವು ಏಳುತ್ತಿದ್ದವು. ಪೂಲಿನ ನಾಲ್ಕು ಮೇಜು, ಮೂಲೆಯಲ್ಲಿ ಸ್ನೂಕರಿನ ಒಂದು ದೊಡ್ಡ ಮೇಜು. ನಾನು ಹತ್ತಿರದ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಮಧ್ಯಾಹ್ನ ಬೇಗ ಬಿಡುವಾಗುತ್ತಿತ್ತು. "ಮಾವಾರ, ಚೆಂಡು ಗ್ವಾಡಿಗೆ ಬಡದು ತಿರುಗಿ ಬರೋ ಕೋನ ನನಗ ಹುಡುಗರಿಗೆ ಹೇಳಬೇಕಾಗೇತಿ, ಒಂದು ಸಲ ತೋರಸ್ರಿ" ಎಂದು ನೆವ ಮಾಡಿ ಎಬ್ಬಿಸಿಕೊಂಡು ಹೋದೆ.

ಒಳಗೆ ಕಾಲೇಜು ಹುಡುಗರು. ಸೀರೆಯುಟ್ಟವಳೊಬ್ಬಳು, ಬಿಳಿ ಅಂಗಿಯ ಮುದುಕರೊಬ್ಬರು ಬಂದದ್ದನ್ನು ಕಂಡು ಆಟ ನಿಲ್ಲಿಸಿ ನೋಡಿದರು. ಮಾವ ಅವರತ್ತ ಕಣ್ಣೆತ್ತಲಿಲ್ಲ. ಮುಖ ಸಿಂಡರಿಸಿಕೊಂಡು ಒಂದು ಸ್ಟೂಲಿನ ಮೇಲೆ ಕುಳಿತರು. ಆದರೆ ಸ್ವಲ್ಪ ಹೊತ್ತಿಗೆ ಎದ್ದು ಮೇಜಿನ ಹತ್ತಿರ ಹೋದರು, ಬಗ್ಗಿ ಒಂದು ಚೆಂಡನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

"ಇದರ ಮ್ಯಾಲ ಅಂಕಿ ಬರದಾರಲ್ಲ" ಎಂದರು.

"ಎಲ್ಲಾದರ ಮ್ಯಾಲೂ ಐತ್ರಿ ಮಾವಾರ. ಒಂದರಿಂದ ಹದಿನೈದು. ನೈನ್‌ಬಾಲ್ ಅಂತ ಒಂದು ಆಟ ಐತಂತ. ಒಂಬತ್ತು ಚೆಂಡು ಅಷ್ಟ. ಮೇಜಿನ ಮ್ಯಾಲ ಯಾವ ಅಂಕಿ ಎಲ್ಲಕ್ಕಿಂತ ಸಣ್ಣದೈತಿ, ಮೊದಲು ಅದನ್ನ ಮುಟ್ಟಬೇಕು. ಒಂಬತ್ತನೇದು ಹಾಕಿದವರು ಗೆದ್ದಂಗ."

"ಅಂಕಿ ನೋಡಿ ಹೊಡಿಯೂದು?"

"ಹೌದ್ರಿ."

ಅವರ ಮುಖ ಅವತ್ತು ಬದಲಾದ ಬಗೆ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಕೋಲು ಆರಿಸಿದರು, ಚಾಕ್ ಉಜ್ಜಿದರು, ಬಾಗಿದರು. ಹುಡುಗರು ಒಬ್ಬೊಬ್ಬರಾಗಿ ತಮ್ಮ ಮೇಜು ಬಿಟ್ಟು ನಮ್ಮ ಮೇಜಿನ ಸುತ್ತ ಬಂದು ನಿಂತರು. ಮನೆಗೆ ಬಂದು ಮಾವ ಮೂರು ಜೋಳದ ರೊಟ್ಟಿ ತಿಂದರು. ಅತ್ತೆ ನನ್ನ ತಟ್ಟೆಗೆ ಒಂದು ಚಮಚ ತುಪ್ಪ ಹೆಚ್ಚು ಹಾಕಿದರು.

ಆಮೇಲೆ ಪ್ರತಿ ಮಧ್ಯಾಹ್ನವೂ ಪಾರ್ಲರು. ನನಗೂ ಕಲಿಸಿದರು. "ಚೆಂಡಿನ ಮ್ಯಾಲ ಸಿಟ್ಟು ಮಾಡಬ್ಯಾಡ. ಅದಕ್ಕ ಎಲ್ಲಿ ಹೋಗಬೇಕು ಅಂತ ಹೇಳು, ಹೋಗತೈತಿ" ಎನ್ನುವರು. ಪೂಲನ್ನು ಬೈದದ್ದೆಲ್ಲ ಮರೆತೇಹೋಗಿತ್ತು. ನಾನು ಕೆಣಕಿದರೆ, "ಸಣ್ಣ ಮೇಜು ಮೊಣಕಾಲಿಗೆ ಚಲೋ" ಎನ್ನುವರು. ಆದರೆ ಮೂಲೆಯ ಸ್ನೂಕರ್ ಮೇಜಿಗೆ ಹುಡುಗರು ಕರೆದಾಗಲೆಲ್ಲ ಅದೇ ತಮೀಜು, ಸಂತೆಯ ಭಾಷಣ.

ಒಂದು ಮಧ್ಯಾಹ್ನ ನಾವಿಬ್ಬರೇ ಆಡುತ್ತಿದ್ದೆವು. ಮೇಜಿನ ಮೇಲೆ ಆರು, ಏಳು, ಎಂಟು, ಒಂಬತ್ತು ಉಳಿದಿದ್ದವು. ಆರು, ಏಳು ಎರಡೂ ಮೂಲೆಯಲ್ಲಿ ಅಂಚಿಗೆ ಒತ್ತಿ ಕುಳಿತಿದ್ದವು, ಅಂಕಿಗಳು ಮರೆಯಾಗಿದ್ದವು. ಸರದಿ ಮಾವನವರದು. ಅವರು ಮೇಜನ್ನು ಒಂದು ಸುತ್ತು ಬಂದರು. ಬಗ್ಗಿ ನೋಡಿದರು. ಇನ್ನೊಂದು ಸುತ್ತು ಬಂದರು.

"ಆರನೇದು ಹೊಡೀರಿ ಮಾವಾರ. ಆ ಹಸಿರಂದು" ಎಂದೆ.

ಅವರು ಕೋಲು ಊರಿಕೊಂಡು ನಿಂತರು. ಪಕ್ಕದ ಮೇಜಿನಲ್ಲಿ ಯಾರೂ ಇರಲಿಲ್ಲ. ಆದರೂ ದನಿ ತಗ್ಗಿಸಿ ಕೇಳಿದರು:

"ಹಸರು ಯಾವುದವ್ವ, ಇವೆರಡರಾಗ?"

ಒಂದು ಎಳೆಯ ಎಲೆಯ ಹಾಗೆ ಹಸಿರು, ಇನ್ನೊಂದು ಕುದಿಸಿದ ಚಹಾದಷ್ಟು ಕಂದು. ತಮಾಷೆ ಮಾಡುತ್ತಿದ್ದಾರೆಂದು ನಗಲು ಹೋದವಳು ಅವರ ಮುಖ ನೋಡಿ ನಿಲ್ಲಿಸಿದೆ. ಟೊಮೆಟೊ, ಮೇಲಿನ ದೀಪ, ಎಲ್ಲ ಒಂದರ ಹಿಂದೊಂದು ನೆನಪಿಗೆ ಬಂದವು. ನಾನು ಬೆರಳು ತೋರಿಸಿದೆ. ಅವರು ಹೊಡೆಯಲಿಲ್ಲ. ಸ್ಟೂಲಿನ ಮೇಲೆ ಕುಳಿತು, ಕೋಲನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡು ಹೇಳತೊಡಗಿದರು.

ಹುಡುಗನಾಗಿದ್ದಾಗ ಅವರಿಗೆ ಸಿಕಂದರಾಬಾದಿನಲ್ಲಿ ರೈಲ್ವೆ ಕೆಲಸ ಸಿಕ್ಕಿತ್ತು. ಡಾಕ್ಟರು ಬಣ್ಣಬಣ್ಣದ ಚುಕ್ಕೆಗಳ ಪುಸ್ತಕ ತೆರೆದು, ಇದರಲ್ಲಿ ಯಾವ ಅಂಕಿ ಇದೆ ಎಂದು ಕೇಳಿದರು. ಇವರಿಗೆ ಅಂಕಿಯೇ ಕಾಣಲಿಲ್ಲ. ಕೆಲಸ ಹೋಯಿತು. ಸುದ್ದಿ ಊರಿಗೆ ಮುಟ್ಟಿತು. ಮದುವೆಗೆ ಗೊತ್ತಾಗಿದ್ದ ಕನ್ಯೆಯ ಮನೆಯವರು, ಕಣ್ಣಿನ ದೋಷದ ಹುಡುಗ ಬೇಡ ಎಂದು ಹೇಳಿ ಕಳಿಸಿದರು. ಅವರಪ್ಪ, ಇನ್ನು ಮೇಲೆ ಇದನ್ನು ಯಾರಿಗೂ ಹೇಳಕೂಡದು ಎಂದು ಕೈಯಲ್ಲಿ ಕೈ ಹಾಕಿಸಿಕೊಂಡರು. ಮುಂದೆ ನೀಲವ್ವನನ್ನು ನೋಡಲು ಹೋದಾಗಲೂ ಹೇಳಲಿಲ್ಲ.

"ನಿಮ್ಮತ್ತಿಗೆ ಮೋಸ ಮಾಡಿ ಲಗ್ನ ಆದೆ ಅಂತ ಇವತ್ತಿಗೂ ಅನಸತೈತಿ. ಬಿಲಿಯರ್ಡ್ಸ್ ಯಾಕ ಹಿಡದೆ ಅಂದ್ರ, ಎರಡು ಬಿಳೇವು, ಒಂದು ಬ್ಯಾರೇದು. ಅಷ್ಟು ತಿಳಿತೈತಿ ನನಗ. ಸ್ನೂಕರ್‌ನಾಗ ಕೆಂಪು, ಕಂದು, ಹಸರು ಎಲ್ಲಾ ಒಂದ. ಭಾಷಣ ಆಮ್ಯಾಲ ಹುಟ್ಟಿತು."

ಅಷ್ಟಕ್ಕೆ ನಿಂತಿದ್ದರೆ ನಗುವ ವಿಷಯವೇ ಆಗಿತ್ತು. ಆದರೆ ಅವರು ಹಬೀಬ್ ಸಾಹೇಬರ ಹೆಸರು ಎತ್ತಿದರು.

ಹಬೀಬ್ ಸಾಹೇಬರು ರಾಯಚೂರಿನವರು. ಬೇರೆ ಕಚೇರಿ, ಅದೇ ಕ್ಲಬ್ಬು. ಬಹಳ ವರ್ಷ ಮಾವನವರ ಜೀವದ ಗೆಳೆಯ. ಕ್ಲಬ್ಬಿನಲ್ಲಿ ವರ್ಷಕ್ಕೊಮ್ಮೆ ಜೋಡಿಗಳ ಸ್ನೂಕರ್ ಪಂದ್ಯ. ಹಬೀಬ್ ಸಾಹೇಬರು ಬಿಡದೆ ಮಾವನವರನ್ನು ಜೋಡಿಯಾಗಿ ಎಳೆದರು. ಮಾವ ಯಾವ ಚೆಂಡು ಎಲ್ಲಿ ನಿಂತಿದೆ ಎಂದು ನೆನಪಿಟ್ಟುಕೊಂಡು, ಸಂಶಯ ಬಂದಲ್ಲಿ ಮೆತ್ತಗೆ ತಪ್ಪಿಸಿ ಆಡಿ, ಹೇಗೋ ಕೊನೆಯ ಆಟದವರೆಗೆ ಮುಟ್ಟಿದರು. ಅಲ್ಲಿ ಎದುರಾಳಿ ಜೋಡಿಯಲ್ಲಿ ಒಬ್ಬರು ಮಾವನವರ ಇಲಾಖೆಯ ದೊಡ್ಡ ಸಾಹೇಬರು. ಮೇಜಿನ ಮೇಲೆ ಕೊನೆಯ ಕೆಂಪು ಚೆಂಡು. ಅದನ್ನು ಹಾಕಿದರೆ ಆಟ ಬಹುಮಟ್ಟಿಗೆ ಇವರದು. ಅದರ ಬದಲು ಬೇರೆ ಬಣ್ಣದ್ದು ಬಿದ್ದರೆ ತಪ್ಪು, ಪಾಯಿಂಟು ಎದುರಿನವರಿಗೆ. ಹಿಂದಿನ ಹೊಡೆತಕ್ಕೆ ಕಂದು ಚೆಂಡು ಉರುಳಿ ಬಂದು ಕೆಂಪಿನ ಪಕ್ಕದಲ್ಲೇ ನಿಂತಿತ್ತು. ಮಾವ ಬಾಗಿ, ಗುರಿ ಇಟ್ಟು, ನಾಜೂಕಾಗಿ ಕಂದು ಚೆಂಡನ್ನು ತೂತಿಗೆ ಹಾಕಿದರು.

"ಹಾಕಿ ನಕ್ಕೆ ನಾನು. ಗೆದ್ವಿ ಅಂತ" ಎಂದರು ಮಾವ. "ಯಾರೂ ಚಪ್ಪಾಳಿ ಹೊಡೀಲಿಲ್ಲ."

ಪಂದ್ಯ ಸೋತರು. ಅದೇ ಬೇಸಿಗೆಯಲ್ಲಿ ಮಾವನವರಿಗೆ ಬಡ್ತಿ ಬಂತು. ಬರಬೇಕಾದದ್ದೇ, ಆದರೆ ಬಂದ ಹೊತ್ತು ಸರಿಯಿರಲಿಲ್ಲ. ದೊಡ್ಡ ಸಾಹೇಬರನ್ನು ಗೆಲ್ಲಿಸಲು ಬೇಕೆಂದೇ ಸೋತದ್ದಕ್ಕೆ ಸಿಕ್ಕಿದ್ದು ಎಂದು ಕ್ಲಬ್ಬಿನವರು ತಿಳಿದರು. ಹಬೀಬ್ ಸಾಹೇಬರು ಕ್ಲಬ್ಬಿನಲ್ಲಿ ಎಲ್ಲರ ಮುಂದೆ, "ಚನ್ನಬಸಪ್ಪ ಆವತ್ತು ತೂತಿಗೆ ಹಾಕಿದ್ದು ಚೆಂಡಲ್ಲ, ನನ್ನ ಇಜ್ಜತ್ತು" ಎಂದರಂತೆ. ಮಾವ ಬಾಯಿ ಬಿಡಲಿಲ್ಲ. ಅಂದಿನಿಂದ ಮಾತು ನಿಂತಿತು. ಹಬೀಬ್ ಸಾಹೇಬರು ಬರದ ಹೊತ್ತು ನೋಡಿ ಮಾವ ಕ್ಲಬ್ಬಿಗೆ ಹೋಗುವುದು, ಒಬ್ಬರೇ ಆಡಿ ಬರುವುದು. ಕೂಕಟ್‌ಪಲ್ಲಿಗೆ ಬಂದ ಮೇಲೆ ಅದೂ ತಪ್ಪಿತು.

ಮನೆಗೆ ಬಂದಾಗ ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. ಮಾವ ಅವರ ಮುಂದೆ ಕುಳಿತು, ಕೈಗೆ ಸಿಕ್ಕ ಅವರೆಕಾಯಿಯನ್ನು ಹಿಡಿದು, ಅದೇ ಕಥೆಯನ್ನು ಅರ್ಧಕ್ಕೂ ಚಿಕ್ಕದಾಗಿ ಹೇಳಿದರು. ಅತ್ತೆ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ನನಗ ಗೊತ್ತೈತ್ರಿ. ಲಗ್ನಾದ ವರ್ಷನ ಗೊತ್ತಾತು. ನಾ ಹಸರು ಸೀರಿ ಉಟ್ಟು ಬಂದ್ರ, ಕಂದು ಸೀರಿ ನಿನಗ ಭಾಳ ಚಂದ ಕಾಣಸತೈತಿ ಅಂದ್ರಿ. ಚಂದ ಅಂದ್ರಲ್ಲ, ನನಗ ಅಷ್ಟ ಸಾಕಾತು."

"ಮತ್ತ ಯಾಕ ಹೇಳಲಿಲ್ಲ?"

"ನೀವು ಯಾಕ ಹೇಳಲಿಲ್ಲ? ಅಂಗಿ ಎಲ್ಲಾ ಬಿಳೇವ ತಂದಾಕಿ ಯಾರು? ಬಣ್ಣದ್ದು ತಂದ್ರ ಜೋಡಿ ತಪ್ಪಿಸಿ ಹಾಕ್ಕೊಂಡು ಹೋಗಿ ಕಚೇರಿಯಾಗ ನಗಿಸ್ಕೋತೀರಿ ಅಂತ." ಆಮೇಲೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಹೇಳಿದರು: "ನನ್ನ ಮುಂದ ಹೇಳಿದ್ದು ದೊಡ್ಡದಲ್ಲ. ಹಬೀಬಣ್ಣನ ಮುಂದ ಹೇಳ್ರಿ."

ಮಾವ ಒಂದು ವಾರ ಹಿಂದೆ ಮುಂದೆ ನೋಡಿದರು. ಅವನು ನಂಬುವುದಿಲ್ಲ ಎಂದರು. ನಂಬಿದರೂ ನಗುತ್ತಾನೆ ಎಂದರು. ಭಾನುವಾರ ಬೆಳಗ್ಗೆ ತಾವೇ ಚಪ್ಪಲಿ ಮೆಟ್ಟಿಕೊಂಡು, "ವಿಜಯವ್ವ, ನೀನೂ ಬಾ. ಬಣ್ಣದ ಮಾತು ಬಂದ್ರ ಸಾಕ್ಷಿ ಬೇಕು" ಎಂದರು. ಬಸ್ಸು ಹಿಡಿದು ಸಿಕಂದರಾಬಾದಿಗೆ ಹೋದೆವು.

ಹಬೀಬ್ ಸಾಹೇಬರು ಮನೆಯ ಮುಂದಿನ ಕಟ್ಟೆಯ ಮೇಲೆ ಪೇಪರ್ ಓದುತ್ತ ಕುಳಿತಿದ್ದರು. ಎತ್ತರದ ಆಳು, ಬೆಳ್ಳನೆಯ ಗಡ್ಡ. ನಮ್ಮನ್ನು ನೋಡಿ ಏಳಲಿಲ್ಲ. "ಬರ್ರಿ ಸೂಪರಿಂಟೆಂಡೆಂಟ್ ಸಾಹೇಬ್ರ" ಎಂದರು.

"ಹಬೀಬ, ಕೂಡೂದಕ್ಕ ಮೊದಲ ಒಂದು ಮಾತು. ಈ ನಿನ್ನ ಬಾಗಲಾ ಯಾವ ಬಣ್ಣದ್ದು?"

"ಯಾಕ, ಕಣ್ಣು ಹೋಗ್ಯಾವೇನು?"

"ಕಣ್ಣು ಅದಾವು. ಬಣ್ಣ ತಿಳಿಯಂಗಿಲ್ಲ. ಹುಟ್ಟಿದಾಗಿಂದ ತಿಳಿಯಂಗಿಲ್ಲ. ಈ ಬಾಗಲಾ, ನೀ ಕುಂತ ಈ ಕಟ್ಟಿ, ಎರಡೂ ನನಗ ಒಂದ. ಆವತ್ತು ಆ ಎರಡು ಚೆಂಡೂ ಒಂದ ಇದ್ದವು."

ಬಾಗಿಲು ಹಸಿರು, ಕಟ್ಟೆ ಕೆಂಪು ಗಾರೆಯದು. ಹಬೀಬ್ ಸಾಹೇಬರು ಬಾಗಿಲನ್ನೂ ಕಟ್ಟೆಯನ್ನೂ ನೋಡಿದರು, ನನ್ನನ್ನು ನೋಡಿದರು. ನಾನು ಹೌದೆಂದು ತಲೆ ಆಡಿಸಿದೆ. ಆಮೇಲೆ ಎದ್ದು ಒಳಗೆ ಹೋದರು. ಮುಗಿಯಿತು ಎಂದುಕೊಂಡೆ. ಆದರೆ ಕೈತುಂಬ ಸಾಮಾನು ಹಿಡಿದು ಬಂದರು. ಶಾಲು, ಸಾಬೂನಿನ ಡಬ್ಬಿ, ಮೊಮ್ಮಗಳ ರಿಬ್ಬನ್ನು, ಎರಡು ದಾರದ ಉಂಡೆ. ಒಂದೊಂದನ್ನೇ ಮುಂದೆ ಹಿಡಿದು "ಇದು?", "ಇದು?" ಎಂದು ಕೇಳತೊಡಗಿದರು. ಮಾವ ಶಾಲೆಯ ಹುಡುಗನಂತೆ ಕೈಕಟ್ಟಿ ನಿಂತು ಉತ್ತರ ಹೇಳಿದರು. ನೀಲಿ, ಹಳದಿ ಸರಿಯಾಗುತ್ತಿದ್ದವು. ಉಳಿದದ್ದೆಲ್ಲ ತಪ್ಪು. ಕೆಂಪು ರಿಬ್ಬನ್ನನ್ನು ಹಸಿರು ಎಂದಾಗ ಹಬೀಬ್ ಸಾಹೇಬರು ಅದನ್ನು ಕೈಯಲ್ಲಿ ಮುದುಡಿಕೊಂಡು ಕಟ್ಟೆಯ ಮೇಲೆ ಕುಳಿತುಬಿಟ್ಟರು.

"ಇಷ್ಟು ವರ್ಷ ಬೈಕೋತ ಕುಂತೆ ನಿನ್ನ. ಒಂದು ಮಾತು ಹೇಳಿದ್ರ ಏನಾಗತಿತ್ತೋ?"

"ಕುರುಡ ಅಂತಿದ್ರಿ."

"ಬೇಮಾನ ಅಂದ್ವಿ. ಅದು ಚಲೋ ಇತ್ತೇನು?"

ಹಬೀಬ್ ಸಾಹೇಬರು ಕಟ್ಟೆಯ ಮೇಲಿನ ಪೇಪರನ್ನು ಎತ್ತಿ, ತಮ್ಮ ಪಕ್ಕದಲ್ಲಿ ಜಾಗ ಮಾಡಿದರು. ಮಾವ ಕುಳಿತರು. ಒಳಗಿನಿಂದ ಚಹಾ ಬಂತು. ಇಬ್ಬರೂ ಸಾಸರಿಗೆ ಸುರಿದುಕೊಂಡು ಒಂದೇ ಬಗೆಯಲ್ಲಿ ಸದ್ದು ಮಾಡಿ ಕುಡಿದರು. ಆ ಅಭ್ಯಾಸ ಯಾರಿಂದ ಯಾರಿಗೆ ಬಂದದ್ದೋ.

ತಿರುಗಿ ಬರುವಾಗ ಮಾವ ಬಸ್ಸಿನ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದರು. ಅವರು ಬಸ್ಸಿನಲ್ಲಿ ಕಣ್ಣು ಮುಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನಮ್ಮ ಸ್ಟಾಪು ಬಂದರೂ ಎಬ್ಬಿಸಲು ಮನಸ್ಸಾಗದೆ ಮುಂದಿನ ಸ್ಟಾಪಿನಲ್ಲಿ ಇಳಿಸಿಕೊಂಡು ನಡೆಸಿಕೊಂಡು ಬಂದೆ.

ಹಬೀಬ್ ಸಾಹೇಬರು ವಾರಕ್ಕೊಮ್ಮೆ ಕೂಕಟ್‌ಪಲ್ಲಿಗೆ ಬರತೊಡಗಿದರು. ಪೂಲನ್ನು ಬಾಯಿತುಂಬ ಬೈಯುತ್ತಲೇ ಆಡುವರು. ಸ್ನೂಕರ್ ಅಷ್ಟೊಂದು ಯಾಕೆ ಇಷ್ಟ ಎಂದು ನಾನು ಕೇಳಿದಾಗ ಮೊದಲು ಅವರದೂ ದೊಡ್ಡ ಭಾಷಣ: ತಾಳ್ಮೆ, ಲೆಕ್ಕ, ದೂರದ ಯೋಚನೆ. ಮಾವ ಅವರನ್ನೇ ನೋಡುತ್ತ ಕುಳಿತದ್ದು ಕಂಡು ಕೊನೆಗೆ ನಕ್ಕುಬಿಟ್ಟರು. "ನಿಜ ಹೇಳ್ಲೇನವ್ವ? ಎದುರಿನವ ಆಡುವಾಗ ಆರಾಮ ಕುಂತು ಒಂದು ಸಿಗರೇಟ್ ಸೇದಬಹುದು. ನಿಮ್ಮ ಈ ನೈನ್‌ಬಾಲ್‌ನಾಗ ಬೆಂಕಿಪಟ್ಟಿಗಿ ತೆಗಿಯೂದ್ರಾಗ ಆಟ ಮುಗಿದಿರತೈತಿ." ಅಂದಿನಿಂದ ಪಾರ್ಲರಿನಲ್ಲಿ ಯಾರಾದರೂ ತಮ್ಮ ಆಟವೇ ದೊಡ್ಡದೆಂದು ವಾದಕ್ಕೆ ನಿಂತರೆ ನನಗೆ ಒಳಗೊಳಗೇ ನಗು. ಒಬ್ಬನಿಗೆ ಸೊಂಟ ಬಗ್ಗದು, ಒಬ್ಬನಿಗೆ ಬೇಗ ಮನೆಗೆ ಹೋಗಬೇಕು, ಒಬ್ಬನಿಗೆ ಸೋತದ್ದು ತಡವಾಗಿ ಗೊತ್ತಾಗಬೇಕು. ಅದನ್ನು ಹೇಳಲಾರದೆ ಆಟದ ಘನತೆಯನ್ನು ಹೇಳುತ್ತಾರೆ.

ಹೀಗೆ ಕೆಲವು ವರ್ಷ ಸುಖವಾಗಿ ಹೋದವು. ನನ್ನ ಗಂಡನಿಗೆ ವಿಜಯವಾಡಕ್ಕೆ ವರ್ಗವಾಯಿತು. ಮಾವ, ಅತ್ತೆ ಫ್ಲಾಟಿನಲ್ಲೇ ಉಳಿದರು. ಈ ಊರು ಬಿಡಲಾರೆ ಎಂದರು ಮಾವ. ನಾವು ಹೋದ ವರ್ಷವೇ, ಒಂದು ಬೆಳಗ್ಗೆ ಚಹಾ ಕುಡಿದು ಪೇಪರು ಬಿಚ್ಚಿ ಕುಳಿತವರು ಹಾಗೆಯೇ ಹೋದರು. ನೋವಿಲ್ಲ, ಆಸ್ಪತ್ರೆಯಿಲ್ಲ. ಹಬೀಬ್ ಸಾಹೇಬರು ನಮಗಿಂತ ಮೊದಲು ಬಂದು ಅತ್ತೆಯ ಹತ್ತಿರ ಕುಳಿತಿದ್ದರು.

ನಾನು ಮಾವನವರನ್ನು ಕೊನೆಯದಾಗಿ ನೋಡಿದ್ದು ವಿಜಯವಾಡಕ್ಕೆ ಹೊರಡುವ ದಿನ. ಸಾಮಾನು ಲಾರಿಗೆ ಏರಿತ್ತು. ಹೇಳಿ ಹೋಗೋಣವೆಂದು ಪಾರ್ಲರಿನ ಮೆಟ್ಟಿಲು ಹತ್ತಿದೆ. ಒಳಗೆ ತುಂಬ ಜನ. ಹೊಸದಾಗಿ ಬಂದ ಹುಡುಗನೊಬ್ಬ ಮೂಲೆಯ ದೊಡ್ಡ ಮೇಜಿನಿಂದ ತೆಲುಗಿನಲ್ಲಿ ಕೂಗಿ ಕರೆದ, "ಅಂಕಲ್, ಸ್ನೂಕರ್ ಆಡುತ್ತೀರಾ?"

ನಾನು ಬಾಗಿಲಲ್ಲೇ ನಿಂತೆ. ಮಾವ ಆ ಹುಡುಗನ ಕಡೆ ತಿರುಗಿದರು. ತಮೀಜಿನ ಮಾತು ಬರಲಿಲ್ಲ, ಸಂತೆಯ ಮಾತು ಬರಲಿಲ್ಲ. ಯಾರಾದರೂ ಊರಿನ ಹೆಸರು ಕೇಳಿದರೆ ಹೇಳುವಷ್ಟು ಸಹಜವಾಗಿ, ಇಡೀ ಕೋಣೆಗೆ ಕೇಳುವ ದನಿಯಲ್ಲಿ, ಅವನದೇ ತೆಲುಗಿನಲ್ಲಿ ಹೇಳಿದರು: ನನಗೆ ಬಣ್ಣ ತಿಳಿಯುವುದಿಲ್ಲಪ್ಪ, ನೀನು ಪಕ್ಕದಲ್ಲಿ ನಿಂತು ಹೇಳುವುದಾದರೆ ಆಡುತ್ತೇನೆ.

ಹುಡುಗ, ಬನ್ನಿ ಹೇಳುತ್ತೇನೆ ಎಂದ. ಮಾವ ಕೋಲು ಎತ್ತಿಕೊಂಡು ಆ ಮೇಜಿನ ಕಡೆಗೆ ನಡೆದರು.